ಹೊಗಳಿ ತಂದ ವಿಮಾನ

ನನಗೆ ಕುಡಿತವಿಲ್ಲ, ಎಲೆ ಅಡಿಕೆಯಿಲ್ಲ, ಇಸ್ಪೀಟಿನ ಎಲೆಗಳಲ್ಲಿ ರಾಣಿ ಯಾರು ಗುಲಾಮ ಯಾರು ಎಂದು ಕೇಳಿದರೆ ಇಂದಿಗೂ ತಡವರಿಸುತ್ತೇನೆ. ಇಷ್ಟು ಕೇಳಿ ನೀವು ನನ್ನನ್ನು ಸಜ್ಜನ ಎಂದುಕೊಂಡುಬಿಡುವ ಅಪಾಯವಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ನನಗೂ ಒಂದು ಚಟವಿದೆ. ಹೊಗಳುವ ಚಟ. ಯಾರ ಮನೆಗೆ ಹೋದರೂ ಏನಾದರೊಂದು ನನ್ನ ಕಣ್ಣಿಗೆ ಚೆನ್ನಾಗಿ ಕಂಡುಬಿಡುತ್ತದೆ. ಕಂಡದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಹೇಳುವುದಾದರೂ ಒಂದು ಅಳತೆಯಲ್ಲಿ ಹೇಳುತ್ತೇನೆಯೇ? ಇಲ್ಲ. 'ಚೆನ್ನಾಗಿದೆ' ಎಂಬ ಪದ ನನಗೆ ಸಾಲುವುದೇ ಇಲ್ಲ. 'ಅಬ್ಬಬ್ಬಾ, ಇಂಥದ್ದನ್ನು ನನ್ನ ಜನ್ಮದಲ್ಲಿ ನೋಡಿಲ್ಲ ಕಣ್ರೀ' ಎಂದೇ ನನ್ನ ಮಾತು ಶುರುವಾಗುವುದು. ಮುಖಸ್ತುತಿ ಎಂದುಕೊಳ್ಳಬೇಡಿ. ಆ ಗಳಿಗೆಗೆ ನನಗೆ ನಿಜವಾಗಿಯೂ ಹಾಗೆಯೇ ಅನ್ನಿಸಿರುತ್ತದೆ. ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಮೇಷ್ಟ್ರು ನಾನು. ನನ್ನ ಕೆಂಪು ಪೆನ್ನಿನಿಂದ 'ಭೇಷ್' ಎಂದು ಬರೆಸಿಕೊಳ್ಳದೆ ನಮ್ಮ ಶಾಲೆಯಿಂದ ಹೊರಬಿದ್ದ ವಿದ್ಯಾರ್ಥಿಯೇ ಇಲ್ಲ; ನಪಾಸಾದವರೂ ಬರೆಸಿಕೊಂಡಿದ್ದಾರೆ.

ಹೊಗಳಿದರೆ ಯಾರ ಗಂಟು ಹೋಯಿತು ಎಂದು ನೀವು ಕೇಳಬಹುದು. ಹೋಗುತ್ತದೆ ಸ್ವಾಮಿ. ನಮ್ಮ ಬಳಗದಲ್ಲಿ ಒಂದು ಪದ್ಧತಿಯಿದೆ. ಮನೆಗೆ ಬಂದವರು ಒಂದು ವಸ್ತುವನ್ನು ಬಾಯ್ತುಂಬ ಮೆಚ್ಚಿಕೊಂಡರೆ ಅದನ್ನು ಅವರಿಗೆ ಕೊಟ್ಟೇ ಕಳಿಸಬೇಕು. ಮೆಚ್ಚಿದವರ ಕಣ್ಣು ಅದರ ಮೇಲೆ ಉಳಿದುಬಿಟ್ಟರೆ ಆ ವಸ್ತು ಬಾಳುವುದಿಲ್ಲ ಎಂಬ ಹೆದರಿಕೆಯೋ, ಬಂದವರ ಆಸೆ ತೀರಿಸಬೇಕೆಂಬ ದೊಡ್ಡತನವೋ, ಎರಡೂ ಸೇರಿದ್ದೋ ಗೊತ್ತಿಲ್ಲ. ಹೀಗಾಗಿ ನಾನು ಬಾಯಿಬಿಟ್ಟ ಕಡೆಯಲ್ಲೆಲ್ಲ ಕೈಗೊಂದು ಚೀಲ ಬರುತ್ತದೆ. ಉಪ್ಪಿನಕಾಯಿ ಹೊಗಳಿ ಭರಣಿ ತಂದಿದ್ದೇನೆ. ಗೋಡೆ ಗಡಿಯಾರ ಹೊಗಳಿ ಗಡಿಯಾರ ತಂದಿದ್ದೇನೆ. ಆ ಮನೆಯ ಗೋಡೆಯ ಮೇಲೆ ಅದರ ಗುರುತು ಇನ್ನೂ ಬೆಳ್ಳಗೆ ಇದೆಯಂತೆ. ಒಮ್ಮೆ ಹೊಳೆಹೊನ್ನೂರಿನಲ್ಲಿ ನನ್ನ ಷಡ್ಡಕರ ಮನೆಗೆ ಹೋದವನು ಜಗುಲಿಯ ಮೇಲೆ ಮಲಗಿದ್ದ ಬೆಕ್ಕಿನ ಮರಿಯ ಮೀಸೆಯನ್ನು ಹೊಗಳಿದೆ. ಬರೀ ಮೀಸೆಯನ್ನು! ಬಸ್ಸಿನಲ್ಲಿ ಶಿವಮೊಗ್ಗದವರೆಗೂ ಅದು ಬುಟ್ಟಿಯೊಳಗಿಂದ ನನ್ನ ಹೆಂಡತಿ ವಸುಧೆಯ ಸೀರೆ ಪರಚುತ್ತ ಬಂತು. ಅಂದಿನಿಂದ ಯಾರ ಮನೆಗೆ ಹೊರಟರೂ ಅವಳದ್ದು ಒಂದೇ ಮಂತ್ರ: "ರೀ, ಅಲ್ಲಿ ಏನನ್ನೂ ನೋಡ್ಬೇಡಿ. ಕಣ್ಣಿಗೆ ಬಿದ್ರೆ ಬಾಯಿ ಮುಚ್ಕೊಂಡಿರಿ."

ನಮ್ಮ ಮಗಳು ಸಿಂಚನಳಿಗೆ ಭದ್ರಾವತಿಯಲ್ಲಿ ಸಂಬಂಧ ಕುದುರಿತು. ಹುಡುಗ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪಾಠ ಮಾಡುವವನು. ಅವನ ತಂದೆ ಗುರುಮೂರ್ತಿಗಳು ಕಾಗದದ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದು ನಿವೃತ್ತರಾದವರು. ಮನೆ ಕಾಗದನಗರದ ಹತ್ತಿರ. ಒಪ್ಪಿಗೆಯಾದ ಮೇಲೆ ಮನೆ ನೋಡಿಕೊಂಡು ತಾಂಬೂಲ ತೆಗೆದುಕೊಂಡು ಬರಲು ನಾವಿಬ್ಬರೂ ಹೊರಟೆವು. ವಸುಧೆಯ ಉಪದೇಶ ಮಲವಗೊಪ್ಪ ದಾಟಿದರೂ ಮುಗಿಯಲಿಲ್ಲ. "ಇದು ಬೀಗರ ಮನೆ, ನೆನಪಿಟ್ಕೊಳಿ. ಗಂಡಿನ ಕಡೆಯವರ ಮನೇಲಿ ಹೆಣ್ಣಿನ ತಂದೆ ಅದು ಚೆನ್ನಾಗಿದೆ ಇದು ಚೆನ್ನಾಗಿದೆ ಅಂದ್ರೆ ನಾವೇ ಉಲ್ಟಾ ವರದಕ್ಷಿಣೆ ಕೇಳಿದ ಹಾಗಾಗತ್ತೆ. ಸೋಫಾ ಗೀಫಾ ಹೊಗಳ್ಬಿಟ್ಟೀರ!" ನಾನು ಆಣೆ ಮಾಡಿದೆ. ಮಾಡಿದ ಆಣೆಯನ್ನು ಬಹಳ ಹೊತ್ತು ಕಾಪಾಡಿಯೂ ಕಾಪಾಡಿದೆ. ಅಷ್ಟು ಮೃದುವಾದ ಉಪ್ಪಿಟ್ಟನ್ನು ಒಂದು ಮಾತೂ ಆಡದೆ ನುಂಗಿದ ಕಷ್ಟ ನನಗೊಬ್ಬನಿಗೆ ಗೊತ್ತು.

ಕಷ್ಟವಾಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಗುರುಮೂರ್ತಿಗಳು ಮಾತೇ ಆಡುವುದಿಲ್ಲ. ಸಿಡುಕಲ್ಲ, ಜಂಬವಲ್ಲ. ಮಾತು ಅವರಿಗೆ ಬರುವುದೇ ತುಸು. "ಈ ಸಲ ಮಳೆ ಹೇಗೆ ಸಾರ್ ಇಲ್ಲಿ?" ಎಂದರೆ "ಇದೆ" ಎಂದರು. "ನಿವೃತ್ತಿ ಆದ್ಮೇಲೆ ಹೊತ್ತು ಹೇಗೆ ಹೋಗತ್ತೆ?" ಎಂದರೆ "ಹೋಗತ್ತೆ" ಎಂದರು. ನನ್ನಂಥ ವಾಚಾಳಿಗೆ ಇಂಥವರ ಎದುರು ಕುಳಿತರೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಸುಮ್ಮನೆ ಕೂರಲಾರದೆ ಎದ್ದು ಕಿಟಕಿಯ ಹತ್ತಿರ ಹೋದೆ. ಪಕ್ಕದಲ್ಲೊಂದು ಗಾಜಿನ ಬೀರು, ಒಳಗಡೆಯಿಂದ ಬಟ್ಟೆಯ ಪರದೆ. ಪರದೆ ಒಂದು ಕಡೆ ಸ್ವಲ್ಪ ಸರಿದಿತ್ತು. ಬಗ್ಗಿ ನೋಡಿದೆ.

ನೋಡಬಾರದಿತ್ತು. ಒಳಗೆ ವಿಮಾನಗಳು! ಅಂಗೈಯಗಲದವು, ಮೊಳದುದ್ದದವು. ಎರಡು ಅಂತಸ್ತಿನ ರೆಕ್ಕೆಗಳ ನಡುವೆ ತಲೆಕೂದಲಿನಷ್ಟು ಸಪೂರ ತಂತಿ ಎಳೆದ ಹಳೇ ಕಾಲದ ವಿಮಾನ, ಮೂಗಿನ ಮೇಲೆ ಹಲ್ಲು ಕಿರಿದ ಬಾಯಿ ಬರೆಸಿಕೊಂಡ ಯುದ್ಧವಿಮಾನ, ನೀರಿನ ಮೇಲೆ ಇಳಿಯಲು ಕಾಲಿಗೆ ದೋಣಿ ಕಟ್ಟಿಕೊಂಡದ್ದು. ಒಂದರ ರೆಕ್ಕೆಯ ಅಂಚಿನಲ್ಲಿ ಬಣ್ಣ ಚೂರು ಸವೆದು ಕೆಳಗಿನ ಲೋಹ ಮಿನುಗುತ್ತಿತ್ತು; ಅದೂ ಬಣ್ಣವೇ ಎಂದು, ಸವೆದಂತೆ ಕಾಣಲಿ ಎಂದೇ ಬಳಿದದ್ದು ಎಂದು ಆಮೇಲೆ ತಿಳಿಯಿತು. ಇನ್ನೊಂದರ ಎಂಜಿನ್ನಿನ ಹಿಂದೆ ಹೊಗೆ ಹಿಡಿದ ಕಲೆ. ಒಳಗೆ ಕುಳಿತ ಪೈಲಟ್ಟಿಗೆ ಕೆನ್ನೆ, ಕೆನ್ನೆಗೆ ಕೆಂಪು. ನನ್ನ ಆಣೆ, ಮಗಳ ಮದುವೆ, ಹೆಂಡತಿಯ ಕಣ್ಸನ್ನೆ ಯಾವುದೂ ನೆನಪಿಗೆ ಬರಲಿಲ್ಲ. "ಅಬ್ಬಬ್ಬಾ!" ಎಂದೆ. "ಇದನ್ನ ಮನುಷ್ಯರು ಮಾಡಿದ್ದಾ ಸಾರ್? ಇಂಥದ್ದನ್ನ ನನ್ನ ಜನ್ಮದಲ್ಲಿ ನೋಡಿಲ್ಲ. ಇದೇನು ಕೈಯಾ ಇದು? ಕಣ್ಣಿಗೊತ್ತಿಕೊಳ್ಬೇಕು ಸಾರ್ ಈ ಕೈನ!" ವಸುಧೆ ಬಂದು ನನ್ನ ಕಾಲು ತುಳಿದಳು. ತುಳಿದ ಕಾಲನ್ನು ಹಿಂದಕ್ಕೆಳೆದುಕೊಂಡು ಮುಂದುವರಿಸಿದೆ.

ಗುರುಮೂರ್ತಿಗಳು ಎದ್ದು ಬಂದರು. ಜೇಬಿನಿಂದ ಬೀಗದ ಕೈ ತೆಗೆದು ಬೀರು ತೆರೆದರು. ಒಂದೊಂದೇ ವಿಮಾನವನ್ನು ಎರಡು ಬೆರಳಲ್ಲಿ ಎತ್ತಿ, ನನ್ನ ಮೂಗಿನ ಹತ್ತಿರ ಹಿಡಿದು, ಮಾತಾಡತೊಡಗಿದರು. ಇದು ಪ್ಲಾಸ್ಟಿಕ್ಕು, ಬಿಡಿಭಾಗಗಳು ಡಬ್ಬಿಯಲ್ಲಿ ಬರುತ್ತವೆ, ಕತ್ತರಿಸಬೇಕು, ಉಜ್ಜಬೇಕು, ಅಂಟಿಸಬೇಕು, ಬಳಿಯಬೇಕು. ಈ ಬಾಲಕ್ಕೆ ಎರಡು ಸಲ ಬಣ್ಣ ಕೆಟ್ಟಿತು. ಈ ಚಕ್ರ ಕೂರಲು ಒಂದು ವಾರ ಹಟ ಮಾಡಿತು. ಮಾತಾಡಿದರು, ಆಡುತ್ತಲೇ ಹೋದರು. ಅವರ ಹೆಂಡತಿ, ಅಂದರೆ ನಮ್ಮ ಬೀಗಿತ್ತಿ, ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ಇದ್ಯಾರ ಧ್ವನಿ ಎಂಬಂತೆ ಬಾಗಿಲಲ್ಲಿ ನಿಂತರು. ಹೊರಡುವಾಗ ತಾಂಬೂಲದ ತಟ್ಟೆ ಬಂತು: ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ಅದರ ಮೇಲೆ ಗುರುಮೂರ್ತಿಗಳು ಸ್ಟೂಲು ಹತ್ತಿ ಅಟ್ಟದಿಂದ ಇಳಿಸಿದ ಒಂದು ರಟ್ಟಿನ ಡಬ್ಬಿಯನ್ನು ಇಟ್ಟರು. ಜೊತೆಗೆ ಮೂರು ಪುಟಾಣಿ ಬಣ್ಣದ ಡಬ್ಬಿ. "ಮಾಡಿದ್ದನ್ನ ಕೊಡಬಹುದಿತ್ತು ಮೇಷ್ಟ್ರೇ. ಆದ್ರೆ ನಿಮ್ಮ ಆಸಕ್ತಿ ನೋಡಿದ್ರೆ ನೀವೇ ಮಾಡಬೇಕು. ಇದು ಸುಲಭದ್ದು. ವಿಜಯದಶಮಿಗೆ ಬನ್ನಿ ಕೊಡೋಕೆ ಬರ್ತೀವಲ್ಲ, ಅಷ್ಟೊತ್ತಿಗೆ ಮುಗಿಸಿರಿ. ನೋಡ್ತೀನಿ."

ಬಸ್ಸಿನಲ್ಲಿ ವಸುಧೆ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಕುಳಿತಳು. ನಾನು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮನೆಗೆ ಹೋದ ತಕ್ಷಣ ಇದನ್ನು ಅಟ್ಟಕ್ಕೆ ಹಾಕಬೇಕು, ವಿಜಯದಶಮಿಗೆ ಏನಾದರೊಂದು ನೆಪ ಹೇಳಿದರಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಕೈಗಳ ವಿಷಯ ನನಗೆ ಗೊತ್ತಿಲ್ಲವೇ? ಪುಸ್ತಕಕ್ಕೆ ರಟ್ಟು ಹಾಕಿದರೆ ಪುಸ್ತಕ ತೆರೆಯುವುದಿಲ್ಲ, ಗೋಡೆಗೆ ಮೊಳೆ ಹೊಡೆದರೆ ಮೊಳೆ ಕೆಳಗೆ ಬಿದ್ದು ಗಾರೆ ಅದರ ಹಿಂದೆ ಬರುತ್ತದೆ. ಆದರೆ ಮನೆಗೆ ಬಂದಾಗ ಸಿಂಚನ ಬಾಗಿಲಲ್ಲೇ ಕಾಯುತ್ತಿದ್ದಳು. ಸುದ್ದಿ ಫೋನಿನಲ್ಲಿ ನಮಗಿಂತ ಮೊದಲೇ ತಲುಪಿತ್ತು.

"ಅಪ್ಪ, ಅವರು ಆ ಬೀರು ತೆಗೆದು ಯಾರಿಗೂ ತೋರಿಸಿಲ್ವಂತೆ. ಮನೆಗೆ ಬಂದೋರೆಲ್ಲ, ಈ ವಯಸ್ಸಲ್ಲಿ ಆಟದ ಸಾಮಾನಾ ಅಂತ ನಗ್ತಿದ್ರಂತೆ, ಅದಕ್ಕೇ ಪರದೆ ಹಾಕ್ಬಿಟ್ಟಿದ್ದಾರಂತೆ. ನೀವು ಬಂದು ಹೋದ್ಮೇಲೆ ಊಟಕ್ಕೆ ಕೂತು ಎರಡು ಸಲ ಮೇಷ್ಟ್ರು ಒಳ್ಳೆಯವರು ಅಂದ್ರಂತೆ. ಅವರ ಮಗನಿಗೇ ಆಶ್ಚರ್ಯ ಆಗಿದೆ." ಅವಳು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮಧ್ಯಕ್ಕೆ ಇಟ್ಟಳು. "ಮಾತೇ ಆಡದ ಮಾವನ ಮನೇಲಿ ನಾನು ಇರಬೇಕು ಅಪ್ಪ. ನನಗೆ ಹೆದರಿಕೆ ಇದೆ. ಅವರು ಒಬ್ಬರ ಹತ್ರ ಬಾಯಿ ಬಿಟ್ಟಿದ್ದಾರೆ, ಅದು ನಿಮ್ಮ ಹತ್ರ. ನೀವು ಇದನ್ನ ಅಟ್ಟಕ್ಕೆ ಹಾಕಿ, ನಿಮ್ಮ ಹೊಗಳಿಕೆ ಬರೀ ಬಾಯಿಮಾತು ಅಂತ ಅವರಿಗೆ ಅನ್ನಿಸಿದ್ರೆ, ಮತ್ತೆ ಆ ಪರದೆ ತೆಗೆಯಲ್ಲ."

ಮಗಳು ಹಾಗೆಲ್ಲ ಹೆದರಿಕೆ ಇದೆ ಎಂದು ಹೇಳುವವಳಲ್ಲ. ಮಾರನೆಯ ಭಾನುವಾರ ಡಬ್ಬಿ ತೆರೆದೆ.

ಒಳಗೆ ವಿಮಾನವಿರಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಚೂರುಗಳಿದ್ದವು; ಪ್ರತಿ ಚೂರಿಗೂ ಒಂದು ಸಂಖ್ಯೆ. ಸೂಚನೆಯ ಹಾಳೆಯಲ್ಲಿ ಒಂದು ಅಕ್ಷರವಿಲ್ಲ, ಬರೀ ಚಿತ್ರ ಮತ್ತು ಬಾಣ. ಮೂವತ್ತು ವರ್ಷ ಅಕ್ಷರ ತಿದ್ದಿಸಿದವನನ್ನು ಕರೆದು ಅಕ್ಷರವೇ ಇಲ್ಲದ ಪುಸ್ತಕ ಓದು ಎಂದರೆ ಹೇಗೆ? ಉಗುರು ಕತ್ತರಿಸುವ ಕಟರಿನಿಂದ ಚೂರುಗಳನ್ನು ಬಿಡಿಸತೊಡಗಿದೆ. ಮೊದಲನೆಯ ಚಕ್ರ 'ಟಕ್' ಎಂದು ಹಾರಿದ್ದು ಕಂಡಿತು, ಬಿದ್ದದ್ದು ಕಾಣಲಿಲ್ಲ. ಮೇಜಿನ ಕೆಳಗೆ, ಮಂಚದ ಕೆಳಗೆ, ಚಪ್ಪಲಿಯ ಒಳಗೆ, ಎಲ್ಲೂ ಇಲ್ಲ. ಸಂಜೆ ಉಸುಲಿಗೆಂದು ಮೊರದಲ್ಲಿ ಕಡಲೆ ಆರಿಸುತ್ತ ಕುಳಿತಿದ್ದ ನನ್ನ ಅಮ್ಮ ಕೂಗಿದಳು: "ಇದ್ಯಾವ ಜಾತಿ ಕಡಲೆನೋ ಮಾರಾಯ? ಮಧ್ಯ ತೂತಿದೆ." ಎಂಬತ್ತು ದಾಟಿದ ಅಮ್ಮನಿಗೆ ಕನ್ನಡಕವಿಲ್ಲದೆ ಚಕ್ರ ಕಂಡಿತ್ತು, ಕನ್ನಡಕ ಹಾಕಿದ್ದ ನನಗೆ ಮೊರವೇ ಕಂಡಿರಲಿಲ್ಲ.

ಅಂಟಿನ ಕಥೆ ಕೇಳಬೇಡಿ. ಮೊದಲ ವಾರ ಅಂಟಿಕೊಂಡದ್ದೆಂದರೆ ನನ್ನ ತೋರುಬೆರಳು ಮತ್ತು ಹೆಬ್ಬೆರಳು. ಎರಡನೆಯ ವಾರ ವಿಮಾನದ ಹೊಟ್ಟೆಯ ಎರಡು ಹೋಳುಗಳು ಕೂಡಿಕೊಂಡವು. ಎಷ್ಟು ಚೆನ್ನಾಗಿ ಕೂಡಿದವೆಂದರೆ ಸಂತೋಷಕ್ಕೆ ಮೇಲಿನ ಗಾಜಿನ ಮುಚ್ಚಳವನ್ನೂ ಅದೇ ಬಿಸಿಯಲ್ಲಿ ಅಂಟಿಸಿಬಿಟ್ಟೆ. ಆಮೇಲೆ ಮೇಜು ಒರೆಸುವಾಗ ವಸುಧೆ ಅಕ್ಕಿಕಾಳಿನಷ್ಟು ದೊಡ್ಡದೊಂದು ಗೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. "ಇವರ್ಯಾರು?" ಪೈಲಟ್ಟು! ವಿಮಾನ ಮುಚ್ಚಿದ ಮೇಲೆ ಒಳಗೆ ಕೂರಿಸುವುದು ಹೇಗೆ? ಮುಚ್ಚಳ ಕೀಳಲು ನೋಡಿದೆ. ನನ್ನ ಜೀವನದಲ್ಲಿ ನಾನು ಅಂಟಿಸಿದ ವಸ್ತು ಗಟ್ಟಿಯಾಗಿ ನಿಂತದ್ದು ಅದೊಂದೇ. ಪಾಪ, ಆತ ಎರಡು ಕೈಯನ್ನೂ ಸ್ಟೇರಿಂಗ್ ಹಿಡಿಯುವಂತೆ ಮುಂದಕ್ಕೆ ಚಾಚಿಕೊಂಡು ಪೆನ್ ಸ್ಟ್ಯಾಂಡಿನ ಪಕ್ಕ ಕುಳಿತ.

ಆದರೆ ಹೇಳುತ್ತೇನೆ ಕೇಳಿ, ಆ ರೆಕ್ಕೆ ಮೈಗೆ ಕೂತ ದಿನ! ಎರಡು ರೆಕ್ಕೆಯನ್ನೂ ಜೋಡಿಸಿ, ಒಣಗಲಿ ಎಂದು ಲೋಟದ ಮೇಲೆ ಇಟ್ಟು ದೂರ ನಿಂತು ನೋಡಿದೆ. ನಿನ್ನೆಯವರೆಗೂ ಚೂರುಪಾರಾಗಿದ್ದದ್ದು ಈಗ ಹಾರುವ ಆಸೆಯಿಂದ ಮೂಗೆತ್ತಿ ಕುಳಿತಿತ್ತು. ಇಷ್ಟು ಚೆಂದದ ಬಾಗನ್ನು ಯಾರು ಲೆಕ್ಕ ಹಾಕಿದರು, ಅದನ್ನು ಇಷ್ಟು ಸಣ್ಣದು ಮಾಡಿ ಯಾರು ಎರಕ ಹೊಯ್ದರು, ರೆಕ್ಕೆಯ ಮೇಲೆ ಒಂದೊಂದು ಗೆರೆಯನ್ನೂ ಮರೆಯದೆ ಯಾರು ಕೆತ್ತಿದರು ಎಂದು ಯೋಚಿಸಿ ಮೈ ಜುಮ್ಮೆಂದಿತು. ಈಚೆಗೆ ನಮ್ಮೂರಿಗೂ ವಿಮಾನ ಬಂದಿಳಿಯುತ್ತದಲ್ಲ. ಅದು ಶಾಲೆಯ ಮೇಲೆ ಹೋಗುವಾಗ ನಾನು ಹಳಗನ್ನಡದ ಪದ್ಯವನ್ನು ಅರ್ಧಕ್ಕೆ ಬಿಟ್ಟು ಕಿಟಕಿಗೆ ಓಡತೊಡಗಿದೆ. "ನೋಡ್ರೋ, ಆ ರೆಕ್ಕೆಯ ಬುಡ ನೋಡ್ರೋ! ಒಂದು ಬಿರುಕಿಲ್ಲ!" ಮಕ್ಕಳು ಬಹಳ ಸಂತೋಷಪಟ್ಟರು, ಪದ್ಯ ನಿಂತದ್ದಕ್ಕೆ.

ಗುರುಮೂರ್ತಿಗಳು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಅವರು ಯಾರಿಗೂ ಫೋನ್ ಮಾಡುವವರಲ್ಲವೆಂದು ಬೀಗಿತ್ತಿಯವರೇ ವಸುಧೆಗೆ ಹೇಳಿದ್ದರು. "ಎಲ್ಲಿಗೆ ಬಂತು ಮೇಷ್ಟ್ರೇ?" "ಬಾಲಕ್ಕೆ ಸಾರ್." "ಹೂಂ. ಅವಸರ ಬೇಡ." ಅಷ್ಟೇ, ಫೋನ್ ಇಡುತ್ತಿದ್ದರು. ಬಣ್ಣಕ್ಕೆ ಬಂದಾಗ ಮಾತು ಸ್ವಲ್ಪ ಬೆಳೆಯಿತು: "ತೆಳ್ಳಗೆ ಬಳೀರಿ. ಒಣಗಲಿ. ಮತ್ತೆ ತೆಳ್ಳಗೆ." ನನಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅದನ್ನು ನಿಬಂಧ ಬರೆಯುವ ಕ್ರಮವೆಂದು ಒಂಬತ್ತನೆಯ ತರಗತಿಗೂ ಹೇಳಿದೆ. ಬಳಿಯುವ ಮೊದಲು ಪ್ಲಾಸ್ಟಿಕ್ಕಿನ ಜಿಡ್ಡು ತೆಗೆಯಬೇಕು ಎಂದೂ ಅವರು ಹೇಳಿದ್ದರು. ಯಾವುದರಿಂದ ಎಂದು ನಾನು ಕೇಳಲಿಲ್ಲ. ನೇರ ಗಾಂಧಿ ಬಜಾರಿನ ಬಣ್ಣದ ಅಂಗಡಿಗೆ ಹೋದೆ.

"ಪೇಂಟಿಂಗಿಗೆ ಮುಂಚೆ ಹಚ್ಚೋದು ಏನಾದ್ರೂ ಕೊಡಿ" ಎಂದೆ. ಅಂಗಡಿಯವರು, "ಗೇಟಿಗಾ ಸಾರ್, ಗ್ರಿಲ್ಲಿಗಾ?" ಎಂದರು. "ವಿಮಾನಕ್ಕೆ." ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. "ಸೈಜ಼ು?" ನಾನು ಅಂಗೈ ತೋರಿಸಿದೆ. "ಅರೇ ಸಾರ್, ಗೇಟಾಗ್ಲಿ ವಿಮಾನ ಆಗ್ಲಿ, ಕಬ್ಬಿಣ ಅಂದ್ಮೇಲೆ ಮೊದ್ಲು ರೆಡ್ ಆಕ್ಸೈಡ್. ಇಲ್ದಿದ್ರೆ ಒಂದೇ ಮಳೆಗೆ ತುಕ್ಕು." "ಇದು ಪ್ಲಾಸ್ಟಿಕ್ಕು." "ಪ್ಲಾಸ್ಟಿಕ್ಕಿಗೆ ಬಣ್ಣ ಯಾಕೆ ಸಾರ್? ಬಿಲ್ಕುಲ್ ಬೇಕಾಗಿಲ್ಲ. ಹಂಗೇ ಹಾರಿಸಿ." ಇಷ್ಟು ಸರಳವಾದ ತರ್ಕಕ್ಕೆ ಮನಸೋತು, "ಎಂಥ ಮಾತು ಹೇಳಿದ್ರಿ ಸಾಬ್ರೇ!" ಎಂದು ಹೊಗಳಿದೆ. ಅವರು ಖುಷಿಯಾಗಿ ಒಂದು ಸಣ್ಣ ಬಾಟಲಿ ತಿನ್ನರ್ ಪುಗಸಟ್ಟೆ ಕೊಟ್ಟರು. "ಕ್ಲೀನ್ ಮಾಡೋಕೆ ಇದಕ್ಕಿಂತ ಬೇರೆ ಇಲ್ಲ." ಹೊಗಳಿ ತಂದ ವಸ್ತುಗಳಲ್ಲಿ ಇದರಷ್ಟು ದುಬಾರಿಯಾದದ್ದು ಮತ್ತೊಂದಿಲ್ಲ. ಬಟ್ಟೆಯನ್ನು ತಿನ್ನರಿನಲ್ಲಿ ಅದ್ದಿ ಎಡ ರೆಕ್ಕೆಯನ್ನು ಒತ್ತಿ ಒರೆಸಿದೆ. ಪ್ಲಾಸ್ಟಿಕ್ಕು ಬೆಣ್ಣೆಯ ಹಾಗೆ ಮೆತ್ತಗಾಗಿ, ಕೈ ತೆಗೆದಾಗ ರೆಕ್ಕೆಯ ಮೇಲೆ ನನ್ನ ಹೆಬ್ಬೆಟ್ಟು ಸುರುಳಿ ಸುರುಳಿಯಾಗಿ ಒತ್ತಿ ಕುಳಿತಿತ್ತು. ಅಕ್ಷರಸ್ಥನೆಂದು ಸಂಬಳ ತೆಗೆದುಕೊಳ್ಳುವವನು ಕೊನೆಗೂ ಹೆಬ್ಬೆಟ್ಟು ಒತ್ತಿದ್ದೆ. ಅಂದು ರಾತ್ರಿ ಊಟ ಸೇರಲಿಲ್ಲ.

ಆದರೂ ಬಳಿದೆ. ತೆಳ್ಳಗೆ, ಒಣಗಿಸಿ, ಮತ್ತೆ ತೆಳ್ಳಗೆ. ಹಸಿರು ಮತ್ತು ಕಂದು ಪಟ್ಟೆಗಳು ಮೇಲೆ, ತಿಳಿನೀಲಿ ಕೆಳಗೆ. ಕೆಳಗಿನಿಂದ ನೋಡಿದವರಿಗೆ ಆಕಾಶ, ಮೇಲಿನಿಂದ ನೋಡಿದವರಿಗೆ ಹೊಲಗದ್ದೆ ಎನ್ನಿಸಲೆಂದು ಹೀಗಂತೆ. ಈ ಉಪಾಯ ಕಂಡುಹಿಡಿದವರನ್ನು ನಾನು ಎಷ್ಟು ದಿನ ಹೊಗಳಿದೆನೆಂದರೆ ವಸುಧೆ, "ಅವರು ಇಲ್ಲಿಲ್ಲ ರೀ, ಏನೂ ಕೊಡಲ್ಲ, ಸುಮ್ನಿರಿ" ಎಂದಳು. ರೆಕ್ಕೆಯ ಮೇಲೆ ಅಂಟಿಸುವ ವೃತ್ತಾಕಾರದ ಗುರುತುಗಳನ್ನು ತಟ್ಟೆಯ ನೀರಲ್ಲಿ ನೆನೆಸಿದಾಗ ಅವು ಕಾಗದವನ್ನು ಬಿಟ್ಟು ಕೆನೆಯಂತೆ ತೇಲಿದವು. ಒಂದು ಸರಿಯಾಗಿ ಕೂತಿತು. ಇನ್ನೊಂದು ಸ್ವಲ್ಪ ವಾರೆಯಾಯಿತು, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲೇ. ಮೂಗಿನ ತುದಿಗೂ ರೆಕ್ಕೆಯ ಅಂಚಿಗೂ ಕೊನೆಯ ಕೈ ಬಣ್ಣ ಉಳಿದಿತ್ತು. ಅದನ್ನು ಆಯುಧಪೂಜೆಯ ಬೆಳಗ್ಗೆ, ಸ್ನಾನಕ್ಕೆ ಮೊದಲು ಬಳಿದು, ಕಿಟಕಿಯ ಮೇಲೆ ಒಣಗಲು ಇಟ್ಟೆ. ನಾಳೆ ವಿಜಯದಶಮಿ, ಬೀಗರು ಬರುವವರು. ಮನಸ್ಸು ಹಗುರವಾಗಿ ತಲೆಗೆ ಎರಡು ಚೊಂಬು ಜಾಸ್ತಿಯೇ ನೀರು ಹೊಯ್ದುಕೊಂಡೆ.

ಸ್ನಾನ ಮುಗಿಸಿ ಬಂದರೆ ಅಮ್ಮನ ಪೂಜೆ ಮುಗಿದಿತ್ತು. ಆಯುಧಪೂಜೆ ನಮ್ಮ ಮನೆಯಲ್ಲಿ ಅಮ್ಮನ ಇಲಾಖೆ. ನಡುಮನೆಯಲ್ಲಿ ಚಾಪೆಯ ಮೇಲೆ ಮಿಕ್ಸಿ, ಕುಕ್ಕರು, ಈಳಿಗೆಮಣೆ, ಸಿಂಚನಳ ಲ್ಯಾಪ್‌ಟಾಪು, ನನ್ನ ಕೆಂಪು ಪೆನ್ನು ಎಲ್ಲವೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಚೆಂಡುಹೂ ಮುಡಿದು ಸಾಲಾಗಿ ಕುಳಿತಿದ್ದವು. ಸಾಲಿನ ಮೊದಲಲ್ಲಿ, ಮಣೆಯ ಮೇಲೆ, ನನ್ನ ವಿಮಾನ! ಮೂಗಿನ ಮೇಲೆ ದುಂಡಗೆ ಕುಂಕುಮ. ಎರಡು ರೆಕ್ಕೆಯ ತುದಿಗೂ ಅರಿಶಿನ, ಅದರ ಮೇಲೆ ಕುಂಕುಮ. ಹಸಿ ಬಣ್ಣ ಅದನ್ನೆಲ್ಲ ಬಾಚಿ ತಬ್ಬಿಕೊಂಡಿತ್ತು. ಬೆರಳು ತಾಗಿಸಿ ನೋಡಿದೆ. ಒರೆಸಲು ಹೋದರೆ ಬಣ್ಣವೇ ಕಿತ್ತು ಬರುತ್ತಿತ್ತು.

"ಏನಮ್ಮ ಮಾಡ್ಬಿಟ್ಟೆ!" ಎಂದು ನಾನು ಕೂಗಿದ ಕೂಗಿಗೆ ಬೆಕ್ಕು ಅಟ್ಟ ಹತ್ತಿತು. ಅಮ್ಮ ಗಂಟೆ ಕೆಳಗಿಟ್ಟು ನಿಧಾನಕ್ಕೆ ಹೇಳಿದಳು: "ಹೊಸ ವಾಹನ ಅಲ್ವೇನೋ? ಇಷ್ಟು ದಿನ ಊಟ ತಿಂಡಿ ಬಿಟ್ಟು ಕೂತ್ಕೊಂಡಿದ್ದೀಯ. ಪೂಜೆ ಇಲ್ದೆ ಹೊರಗೆ ಕಳಿಸೋದಾ? ಸ್ಕೂಟರಿಗೆ ನಿಂಬೆಹಣ್ಣು ಇಟ್ಟೆ. ಇದಕ್ಕೆ ನಿಂಬೆಹಣ್ಣು ದೊಡ್ಡದಾಯ್ತು. ಚಕ್ರದ ಕೆಳಗೆ ಒಂದೊಂದು ದಾಳಿಂಬೆ ಕಾಳು ಇಟ್ಟಿದ್ದೀನಿ, ನೋಡು." ಬಗ್ಗಿ ನೋಡಿದೆ. ನಿಜ. ವಸುಧೆ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ನನಗೆ ನಗು ಬರಲಿಲ್ಲ. ಕೂಗಿದ್ದಕ್ಕೆ ಅಮ್ಮನ ಮುಖ ಸಣ್ಣಗಾದದ್ದು ಕಂಡು ಇನ್ನಷ್ಟು ಸಂಕಟವಾಯಿತು. ಸಿಂಚನ ವಿಮಾನವನ್ನು ಸುತ್ತಲೂ ನೋಡಿ, "ಹೋಗ್ಲಿ ಬಿಡಿ ಅಪ್ಪ, ಹೇಗಿದೆಯೋ ಹಾಗೇ ತೋರ್ಸಿ" ಎಂದಳು. ಹೇಳುವಾಗ ಅವಳ ಧ್ವನಿಯಲ್ಲಿ ಜೀವವಿರಲಿಲ್ಲ.

ಮರುದಿನ ಸಂಜೆ ಬೀಗರು ಸಪತ್ನೀಕರಾಗಿ ಬಂದರು. ಬನ್ನಿ ಕೊಟ್ಟು, ತೆಗೆದುಕೊಂಡು, ಕುಳಿತೆವು. ಗುರುಮೂರ್ತಿಗಳು ಕಾಫಿ ಮುಟ್ಟಲಿಲ್ಲ. "ಎಲ್ಲಿ?" ಎಂದರು. ನಾನು ತಂದು ಎದುರಿಗಿಟ್ಟೆ. ಅವರು ಜೇಬಿನಿಂದ ಮಡಚುವ ಭೂತಗನ್ನಡಿ ತೆಗೆದರು. ಮೌಲ್ಯಮಾಪನಕ್ಕೆ ಕುಳಿತ ಮೇಷ್ಟ್ರ ಎದುರು ನಿಂತರೆ ಹೇಗಿರುತ್ತದೆಂದು ಅಂದು ಗೊತ್ತಾಯಿತು. ಭೂತಗನ್ನಡಿ ಬಾಲದಿಂದ ಹೊರಟು ಎಡ ರೆಕ್ಕೆಯ ಮೇಲೆ ನಿಂತಿತು. "ತಿನ್ನರ್?" ಎಂದರು. "ಹೌದು ಸಾರ್." ವಾರೆಯಾದ ಗುರುತಿನ ಮೇಲೆ ನಿಂತಿತು. ಗಾಜಿನ ಮುಚ್ಚಳದ ಮೇಲೆ ನಿಂತಿತು. "ಪೈಲಟ್?" "ಊಟಕ್ಕೆ ಹೋಗಿದ್ದಾರೆ ಸಾರ್" ಎಂದೆ, ಬಾಯಿ ತಡೆಯದೆ. ವಸುಧೆ ನನ್ನನ್ನು ನುಂಗುವಂತೆ ನೋಡಿದಳು. ಭೂತಗನ್ನಡಿ ಮೂಗಿಗೆ ಬಂತು. ಕುಂಕುಮದ ಮೇಲೆ ಬಹಳ ಹೊತ್ತು ನಿಂತಿತು. ಬಾಗಿಲಲ್ಲಿ ನಿಂತಿದ್ದ ಸಿಂಚನ ಉಗುರು ಕಚ್ಚುತ್ತಿದ್ದಳು.

"ಇದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ನಾನು ಹಚ್ಚಿದ್ದು ಕಣಪ್ಪ. ಹೊಸ ವಾಹನ, ಪೂಜೆ ಮಾಡ್ದೆ. ಅವನಿಗೆ ಕೆಟ್ಟುಹೋಯ್ತು ಅಂತ ಸಿಟ್ಟು."

ಗುರುಮೂರ್ತಿಗಳು ಭೂತಗನ್ನಡಿ ಮಡಚಿದರು. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡರು. ಒರೆಸಿದ್ದು ಕನ್ನಡಕವನ್ನಾದರೂ ಒದ್ದೆಯಾಗಿದ್ದು ಅದಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು. "ಎಷ್ಟೋ ವರ್ಷದಿಂದ ಮಾಡ್ತಿದ್ದೀನಿ ಅಮ್ಮ," ಎಂದರು. "ಪ್ರತಿ ವರ್ಷ ಆಯುಧಪೂಜೆ ಬರತ್ತೆ. ಕಾರಿಗೆ ಮಾಡ್ತಾರೆ, ವಾಷಿಂಗ್ ಮೆಷಿನ್ನಿಗೆ ಮಾಡ್ತಾರೆ. ನನ್ನ ವಿಮಾನಕ್ಕೆ ಒಂದು ಚಿಟಿಕೆ ಕುಂಕುಮ ಇಡಬೇಕು ಅಂತ ನಮ್ಮನೇಲಿ ಯಾರಿಗೂ ಅನ್ಸಿಲ್ಲ. ನನಗೂ ಅನ್ಸಿಲ್ಲ." ಬೀಗಿತ್ತಿ ತಲೆ ತಗ್ಗಿಸಿದರು. ಗುರುಮೂರ್ತಿಗಳು ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮತ್ತೊಮ್ಮೆ ನೋಡಿದರು. "ಚೆನ್ನಾಗಿದೆ," ಎಂದರು. ಸ್ವಲ್ಪ ಬಿಟ್ಟು ಇನ್ನೊಮ್ಮೆ, "ಬಹಳ ಚೆನ್ನಾಗಿದೆ ಮೇಷ್ಟ್ರೇ."

ನನಗೆ ಹಿಗ್ಗೋ ಹಿಗ್ಗು. ಜೀವಮಾನವಿಡೀ ಊರವರನ್ನೆಲ್ಲ ಹೊಗಳಿಕೊಂಡು ಬಂದವನನ್ನು ಯಾರೋ ಒಬ್ಬರು ಹೊಗಳಿದ್ದರು, ಅದೂ ಇಂಥವರು! ಸಿಂಚನಳ ಮುಖ ನೋಡಿದೆ. ಅವಳು ಉಗುರು ಬಿಟ್ಟು ನಗುತ್ತಿದ್ದಳು. ಆ ಹಿಗ್ಗು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಅಮ್ಮ ಹತ್ತಿರ ಬಂದು ನನ್ನ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ, ಹೇಳಿದಳು: "ಆ ಮನುಷ್ಯ ಬಾಯಿ ಬಿಟ್ಟು ಎರಡು ಸಲ ಚೆನ್ನಾಗಿದೆ ಅಂದಿದ್ದಾರೆ ಕಣೋ. ಕೊಟ್ಟು ಕಳಿಸು."

ಕೊಡುವುದೇ? ಇದನ್ನೇ? ನನ್ನ ಕೈಯಿಂದ ಏನನ್ನೂ ಯಾರೂ ಕೇಳಿರಲಿಲ್ಲ. ತಂದು ಅಭ್ಯಾಸವೇ ಹೊರತು ಕೊಟ್ಟು ಅಭ್ಯಾಸವಿರಲಿಲ್ಲ. ಆ ಗಡಿಯಾರದ ಮನೆಯವರಿಗೆ, ಆ ಭರಣಿಯ ಮನೆಯವರಿಗೆ ಎಷ್ಟು ಹೊಟ್ಟೆ ಉರಿದಿರಬೇಕು ಎಂದು ಆ ಗಳಿಗೆಯಲ್ಲಿ ಅರ್ಥವಾಯಿತು. ವಸುಧೆ ಆಗಲೇ ತಾಂಬೂಲದ ತಟ್ಟೆ ತಂದಿದ್ದಳು. ಎಲೆ ಅಡಿಕೆಯ ನಡುವೆ ನನ್ನ ವಿಮಾನವನ್ನು ಇಟ್ಟೆ. ಪೈಲಟ್ಟನ್ನೂ ಒಂದು ಕಾಗದದಲ್ಲಿ ಸುತ್ತಿ ಇಟ್ಟೆ. ಗುರುಮೂರ್ತಿಗಳು ಬೇಡ ಎನ್ನಲಿಲ್ಲ. ಒಂದು ಸಲವಾದರೂ ಬೇಡ ಎನ್ನಬಹುದಿತ್ತು.

ಮದುವೆ ಸಾಂಗವಾಗಿ ನಡೆಯಿತು. ಮಗಳನ್ನು ನೋಡಿಕೊಂಡು ಬರೋಣವೆಂದು ಮೊನ್ನೆ ಭದ್ರಾವತಿಗೆ ಹೋದೆವು. ಬೀರುವಿಗೆ ಪರದೆಯಿರಲಿಲ್ಲ. ಮೇಜಿನ ಮೇಲೆ ಅರ್ಧ ಕಟ್ಟಿದ ಒಂದು ವಿಮಾನ, ಅದರ ಎದುರು ಎರಡು ಕುರ್ಚಿ. "ಮಾವ ಈಗ ಊಟಕ್ಕೆ ಕೂತಾಗ್ಲೂ ಮಾತಾಡ್ತಾರೆ ಅಪ್ಪ," ಎಂದಳು ಸಿಂಚನ, ಕೈಯ ಮೇಲಿನ ಬಣ್ಣ ಒರೆಸಿಕೊಳ್ಳುತ್ತ. "ಬೇರೇನೂ ಇಲ್ಲ, ಬರೀ ವಿಮಾನದ ವಿಷಯ. ಸಾಕು ಅನ್ನೋವಷ್ಟು." ಅವಳು ಚೆನ್ನಾಗಿದ್ದಾಳೆ. ಅದನ್ನು ಕಂಡು ನನಗಾದ ನೆಮ್ಮದಿಯನ್ನು ಇಲ್ಲಿ ಹೊಗಳಲು ಹೋಗುವುದಿಲ್ಲ.

ಆದರೆ ಬೀರುವಿನ ನಡು ಅರೆಯಲ್ಲಿ, ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಹಲ್ಲು ಕಿರಿದ ವಿಮಾನವನ್ನು ಪಕ್ಕಕ್ಕೆ ಸರಿಸಿ ನನ್ನದನ್ನು ಇಟ್ಟಿದ್ದರು. ಹೆಬ್ಬೆಟ್ಟು, ವಾರೆ ಗುರುತು, ಕುಂಕುಮ ಎಲ್ಲ ಹಾಗೇ ಇತ್ತು. ನನಗೆ ಆಸೆ ತಡೆಯಲಾಗಲಿಲ್ಲ. ಗುರುಮೂರ್ತಿಗಳು ಬೀರುವಿನ ಬಾಗಿಲು ತೆರೆದದ್ದೇ ತಡ, ನನ್ನಲ್ಲಿದ್ದ ವಿದ್ಯೆಯನ್ನೆಲ್ಲ ಹೊರತೆಗೆದೆ. "ಅಬ್ಬಬ್ಬಾ! ಆ ಹಸಿರು ನೋಡಿ ಸಾರ್, ಕಂದು ನೋಡಿ! ಎಷ್ಟು ತೆಳ್ಳಗೆ ಬಳಿದಿದ್ದಾರೆ! ಆ ಮೂಗಿನ ಕಳೆ ಏನು, ನಿಂತ ಠೀವಿ ಏನು! ಇಂಥದ್ದನ್ನ ನನ್ನ ಜನ್ಮದಲ್ಲಿ ನೋಡಿಲ್ಲ ಸಾರ್!" ಹೇಳಿ, ಆಸೆಯಿಂದ ಕೈಯನ್ನೂ ಸ್ವಲ್ಪ ಮುಂದಕ್ಕೆ ಚಾಚಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನಿಜ ಮೇಷ್ಟ್ರೇ," ಎಂದು ತಲೆಯಾಡಿಸಿದರು. ಬಾಗಿಲು ಮುಚ್ಚಿ, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದರು.

ಬಸ್ಸಿನಲ್ಲಿ ವಸುಧೆಯನ್ನು ಕೇಳಿದೆ: "ಹೊಗಳಿದ್ರೆ ಕೊಡಬೇಕು ಅನ್ನೋ ಪದ್ಧತಿ ಭದ್ರಾವತಿ ಕಡೆ ಇಲ್ವೇನೇ?"

"ಇದೆ," ಎಂದಳು ಅವಳು, ಟಿಕೆಟ್ಟನ್ನು ಪರ್ಸಿಗೆ ಸೇರಿಸುತ್ತ. "ತಮ್ಮನ್ನ ತಾವೇ ಹೊಗಳ್ಕೊಂಡವರಿಗೆ ಕೊಡೋ ಪದ್ಧತಿ ಎಲ್ಲೂ ಇಲ್ಲ ರೀ."